ಮೊದಲು ಘಟ್ಟ ಹತ್ತಿಸಿ, ಆಮೇಲೆ ಮುಂಗಡ ಕೊಡಿ: ಮನೆಮಂದಿಗೆಲ್ಲ ಒದಗುವ ಸಣ್ಣ ಕಾರನ್ನು ಪರೀಕ್ಷಿಸುವ ಬಗೆ

ನಮ್ಮ ಮೊದಲ ಕಾರನ್ನು ತಗೊಂಡಿದ್ದು ಫೆಬ್ರವರಿಯಲ್ಲಿ. ಪೇಟೆಯ ಹೊರಗಿನ ನುಣ್ಣನೆಯ ಟಾರು ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿ ನೋಡಿದೆ. ಪಕ್ಕದಲ್ಲಿ ಷೋರೂಮಿನ ಹುಡುಗ ಒಬ್ಬನೇ ಇದ್ದ. ಒಳ್ಳೇ ಪಿಕಪ್ಪು, ಒಳ್ಳೇ ಎಸಿ, ಬಣ್ಣವೂ ಮನಸ್ಸಿಗೆ ಬಂತು. ಸಂಜೆಯೊಳಗೆ ಮುಂಗಡ ಕೊಟ್ಟಾಗಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಮನೆದಾರಿಯ ಜಾಡು ಆಳವಾಗಿ, ದಿನಾ ಗಾಡಿಯ ಹೊಟ್ಟೆ ನಡುದಿಣ್ಣೆಗೆ ಉಜ್ಜತೊಡಗಿತು. ಆಗಸ್ಟ್‌ನಲ್ಲಿ ಕುಮಟಾದ ಮಾವನ ಮನೆಯಿಂದ ಐದು ಜನ, ಅರ್ಧ ಚೀಲ ತೆಂಗಿನಕಾಯಿ ಹೇರಿಕೊಂಡು ಬರುವಾಗ ಶಿರಸಿ ದಾರಿಯ ದೇವಿಮನೆ ಘಟ್ಟದ ಏರಿನಲ್ಲಿ ಮುಂದಿನ ಲಾರಿ ನಿಂತುಬಿಟ್ಟಿತು. ಲಾರಿ ಮತ್ತೆ ಹೊರಟಾಗ ನಮ್ಮ ಗಾಡಿ ಹೊರಡಲಿಲ್ಲ. ಎಂಜಿನ್ ಎರಡು ಸಲ ಬಂದಾಯಿತು, ಮೂರನೇ ಸಲ ಒಂದು ಮಾರು ಹಿಂದಕ್ಕೆ ಜಾರಿತು. ಹಿಂದೆ ಬಸ್ಸಿತ್ತು. ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿ, ಮಗಳು ಅಳಲು ಶುರುಮಾಡಿದ್ದಳು. ಆಯಿ, ಅಂದರೆ ನನ್ನ ಅಮ್ಮ, ಏನೂ ಮಾತಾಡದೆ ಬಾಗಿಲ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಆ ಗಾಡಿ ಕೆಟ್ಟದ್ದೇನಲ್ಲ. ಬಯಲುಸೀಮೆಯಲ್ಲಿ ಇಬ್ಬರು ಮೂವರು ಓಡಾಡುವುದಕ್ಕೆ ಚೆನ್ನಾಗಿಯೇ ಇರುತ್ತಿತ್ತು. ನಾನು ಅದನ್ನು ನಮ್ಮ ದಾರಿಯಲ್ಲಿ, ನಮ್ಮ ಮನೆಯವರನ್ನು ಕೂರಿಸಿಕೊಂಡು, ನಮ್ಮ ಮಳೆಗಾಲವನ್ನು ನೆನೆದು ನೋಡಲಿಲ್ಲ. ಎರಡನೇ ಕಾರು ತಗೊಳ್ಳುವಾಗ ಹಾಗೆ ನೋಡಿದೆ. ಆಮೇಲೆ ನೆಂಟರು, ಊರವರು ಕೇಳಿದಾಗಲೆಲ್ಲ ಅವರ ಜೊತೆ ಹೋಗಿ ನೋಡಿಕೊಟ್ಟಿದ್ದೇನೆ. ಆ ಕ್ರಮವನ್ನೇ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಷೋರೂಮಿಗೆ ಹೋಗುವ ಮೊದಲು

ಒಂದು ತಿಂಗಳ ಓಡಾಟವನ್ನು ಹಾಳೆಯ ಮೇಲೆ ಬರೆಯಿರಿ. ದಿನಾ ಎಷ್ಟು ಕಿಲೋಮೀಟರ್, ಎಷ್ಟು ಜನ, ಏನು ಸಾಮಾನು. ಅದರ ಕೆಳಗೆ ವರ್ಷದ ಮೂರು ಕಠಿಣ ಪ್ರಯಾಣಗಳನ್ನು ಬರೆಯಿರಿ. ನಮ್ಮದು ಹೀಗಿತ್ತು: ಮಳೆಗಾಲದಲ್ಲಿ ರಾತ್ರಿ ಹೊತ್ತು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ; ಐದು ಜನ ಕೂತು ಕುಮಟಾ ಘಟ್ಟ ಇಳಿದು ಹತ್ತುವುದು; ನೆಂಟರ ಮನೆಯ ಉಪನಯನಕ್ಕೆ ಪಾತ್ರೆ, ಬಾಳೆಗೊನೆ ಸಹಿತ ಹೋಗುವುದು. ಕಾರವಾರ, ಅಂಕೋಲಾದವರ ಪಟ್ಟಿ ಬೇರೆ ಇರುತ್ತದೆ. ಹೆದ್ದಾರಿ 66ರಲ್ಲಿ ಮಂಗಳೂರಿನ ಕಡೆಗೋ ಗೋವೆಯ ಕಡೆಗೋ ವೇಗದ ಓಡಾಟ, ವರ್ಷಕ್ಕೆ ನಾಲ್ಕು ಸಲ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ. ಕೈಗಾ, ಕದ್ರಾದ ಕಡೆಯವರಿಗೆ ಅಣಶಿ ಘಟ್ಟ. ಘಟ್ಟವೇ ನಮ್ಮ ದಾರಿಯಲ್ಲ ಎನ್ನುವ ಕರಾವಳಿಯವರೂ ಒಂದನ್ನು ನೆನಪಿಡಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ಹತ್ತು ನಿಮಿಷದ ದಾರಿಗೂ ಊರು ಸುತ್ತಬೇಕಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾವ ದಾರಿ ಯಾವಾಗ ಪಾಲಿಗೆ ಬರುತ್ತದೆ ಎಂದು ಹೇಳಲಿಕ್ಕಾಗದು.

ಈ ಹಾಳೆ ಕಿಸೆಯಲ್ಲೇ ಇರಲಿ. ಮುಂದಿನ ಪರೀಕ್ಷೆಗಳೆಲ್ಲ ಅದರಿಂದಲೇ ಹುಟ್ಟುತ್ತವೆ.

ಉಣಗೋಲಿನಿಂದ ಟಾರು ರಸ್ತೆಯವರೆಗೆ

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಗಿರುವ ಅಂತರ, ಎಷ್ಟಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಬ್ರೋಷರಿನ ಅಂಕಿ ನೋಡುವ ಮೊದಲು ನಿಮ್ಮ ದಾರಿಯನ್ನು ಅಳೆಯಿರಿ, ಉತ್ತರ ಅಲ್ಲೇ ಸಿಗುತ್ತದೆ.

ಐದಾರು ಅಡಿಯ ನೆಟ್ಟನೆ ಅಡಿಕೆ ದಬ್ಬೆ ಒಂದು, ಒಂದೇ ಎತ್ತರದ ಎರಡು ಚಿರೇಕಲ್ಲು, ಒಂದು ಟೇಪು ಸಾಕು. ಜಾಡು ಅತಿ ಆಳವಿರುವ ಜಾಗದಲ್ಲಿ ಎರಡೂ ಗಾಲಿಜಾಡಿನೊಳಗೆ ಒಂದೊಂದು ಕಲ್ಲು ನಿಲ್ಲಿಸಿ, ಮೇಲೆ ದಬ್ಬೆಯನ್ನು ಅಡ್ಡ ಇಡಿ. ದಬ್ಬೆಯ ಕೆಳ ಅಂಚಿನಿಂದ ನಡುದಿಣ್ಣೆಯ ನೆತ್ತಿಯವರೆಗಿನ ಅಂತರ ಅಳೆಯಿರಿ. ಕಲ್ಲಿನ ಎತ್ತರದಲ್ಲಿ ಆ ಅಂತರ ಕಳೆದರೆ ದಿಣ್ಣೆಯ ಎತ್ತರ ಬರುತ್ತದೆ. ನಮ್ಮಲ್ಲಿ ಕಲ್ಲು 22 ಸೆಂ.ಮೀ., ಅಂತರ 9. ದಿಣ್ಣೆ 13 ಸೆಂ.ಮೀ. ಅಂತಾಯಿತು. ದಿಣ್ಣೆಯ ಮೇಲೆ ಹುಲ್ಲಿದ್ದರೆ ಕೆದಕಿ ನೋಡಿ. ಹುಲ್ಲಿನೊಳಗೆ ಕಲ್ಲು ಕೂತಿದ್ದರೆ ಆಯಿಲ್ ಚೇಂಬರಿಗೆ ಏಟು ಕೊಡುವುದು ಅದೇ.

ಈಗ ಬ್ರೋಷರಿನ ಅಂಕಿಗೆ ಬನ್ನಿ. 2019ರಲ್ಲಿ ಬಂದ ಮಾರುತಿ ವ್ಯಾಗನ್‌ಆರ್‌ಗೆ 165 ಮಿ.ಮೀ., ಟಾಟಾ ಟಿಯಾಗೋಗೆ 170, 2021ರಲ್ಲಿ ಬಂದ ಟಾಟಾ ಪಂಚ್‌ಗೆ 187, ಹ್ಯುಂಡೈ ಎಕ್ಸ್‌ಟರ್‌ಗೆ 185. ಇವು ಸಾಮಾನ್ಯವಾಗಿ ಖಾಲಿ ಗಾಡಿಯ ಲೆಕ್ಕ. ಜನ ಕೂತಾಗ ಸ್ಪ್ರಿಂಗು ಕುಗ್ಗುತ್ತದೆ. ಎಷ್ಟು ಎಂದು ನೀವೇ ಅಳೆಯಬಹುದು. ಖಾಲಿ ಗಾಡಿಯಲ್ಲಿ ಹಿಂಗಾಲಿಯ ಮೇಲಿನ ಕಮಾನಿನ ಅಂಚಿನಿಂದ ನೆಲಕ್ಕೆ ಟೇಪು ಹಿಡಿಯಿರಿ, ಐದು ಜನ ಕೂತ ಮೇಲೆ ಮತ್ತೊಮ್ಮೆ ಹಿಡಿಯಿರಿ. ಮುಂಗಾಲಿಗೂ ಹಾಗೇ ಮಾಡಿ. ನಡುಭಾಗ 4 ಸೆಂ.ಮೀ. ಇಳಿಯಿತು ಎಂದುಕೊಂಡರೆ 165 ಮಿ.ಮೀ. ಇದ್ದದ್ದು 125ಕ್ಕೆ ಬಂತು. ನಮ್ಮ ದಿಣ್ಣೆ 130. ಉಜ್ಜದೆ ಇನ್ನೇನು?

ಆದರೆ ಇದಕ್ಕೆ ದೊಡ್ಡ ಗಾಡಿಯೇ ಬೇಕು ಎಂದು ತೀರ್ಮಾನಿಸಬೇಡಿ. ಒಂದೆರಡು ಟ್ರ್ಯಾಕ್ಟರ್ ಜಲ್ಲಿ ತರಿಸಿ ಜಾಡು ತುಂಬಿಸಿದರೆ ಮೂರ್ನಾಲ್ಕು ಇಂಚು ಸಿಗುತ್ತದೆ, ಎರಡು ಮಾದರಿಗಳ ಬೆಲೆಯ ವ್ಯತ್ಯಾಸದ ಮುಂದೆ ಅದು ಸಣ್ಣ ಖರ್ಚು. ಎರಡನೇ ಸಲ ನಾವು ದಾರಿಯನ್ನೂ ಸರಿಮಾಡಿದೆವು, ಸ್ವಲ್ಪ ಎತ್ತರದ ಗಾಡಿಯನ್ನೂ ತಗೊಂಡೆವು. ದಾರಿ ನಾಲ್ಕೈದು ಮನೆಯವರದ್ದಾದರೆ ಪಾಲು ಹಾಕಿ ಮಾಡಿಸುವುದು ಇನ್ನೂ ಸುಲಭ.

ಇನ್ನೆರಡು ಅಳತೆ ಇದೆ. ಉಣಗೋಲು ಅಥವಾ ಗೇಟಿನ ಅಗಲ ಅಳೆಯಿರಿ. ಕಾರಿನ ಅಗಲಕ್ಕೆ ಎರಡೂ ಕನ್ನಡಿ ಸೇರಿಸಿ, ಆಚೀಚೆ ಒಂದೊಂದು ಗೇಣು ಬಿಡಿ. ಬ್ರೋಷರಿನ ಅಗಲದಲ್ಲಿ ಕನ್ನಡಿ ಸೇರಿರುವುದಿಲ್ಲ. ಇನ್ನೊಂದು, ಮೋರಿಯ ಉಬ್ಬು. ಮುಂಗಾಲಿ ಆಚೆ ಇಳಿದು ಹಿಂಗಾಲಿ ಈಚೆ ಇರುವಾಗ ಉಬ್ಬಿನ ನೆತ್ತಿ ಗಾಡಿಯ ನಡುವಿಗೆ ಬರುತ್ತದೆ. ಇಲ್ಲಿ ಕ್ಲಿಯರೆನ್ಸ್ ಒಂದೇ ಸಾಲದು, ಎರಡು ಗಾಲಿಗಳ ನಡುವಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಟೇಪಿನಲ್ಲಿ ನಿಖರವಾಗಿ ಹೇಳುವುದು ಕಷ್ಟ. ಡೆಮೊ ಗಾಡಿಯನ್ನೇ ಮನೆವರೆಗೆ ತರಿಸಿ, ಒಬ್ಬರು ಕೆಳಗೆ ಕೂತು ನೋಡುತ್ತಿರುವಾಗ ಇನ್ನೊಬ್ಬರು ನಿಧಾನ ದಾಟಿಸಿ. ಅಂಗಳದಲ್ಲಿ ತಿರುಗಿಸಲು ಜಾಗ ಕಡಿಮೆ ಇದ್ದರೆ ಅದೇ ಹೊತ್ತಿಗೆ ತಿರುಗಿಸಿಯೂ ನೋಡಿ.

ಆಯಿ ಕೂತು ಏಳಲಿ

ಕಾರು ಕೊಳ್ಳುವಾಗ ಓಡಿಸುವವರು ಓಡಿಸಿ ನೋಡುತ್ತಾರೆ. ಹಿಂದೆ ಕೂರುವವರನ್ನು ಯಾರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಇದು ಎಂಜಿನ್‌ಗಿಂತ ದೊಡ್ಡ ವಿಷಯ, ಯಾಕೆಂದರೆ ಕೂರಲು ಏಳಲು ಕಷ್ಟವಾದರೆ ಮನೆಯ ಹಿರಿಯರು ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಕಾರಣವನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ಕಾರು ಬಂದ ಮೇಲೆ ಆಯಿ ತಿಥಿಗೆ, ಮದುವೆಗೆ ಬರುವುದು ಕಡಿಮೆಯಾಯಿತು. ಆರಾಮಿಲ್ಲ, ನೀವು ಹೋಗಿಬನ್ನಿ ಎನ್ನುತ್ತಿದ್ದಳು. ಒಂದು ದಿನ ಮಾತ್ರ ಬಾಗಿಲ ಚೌಕಟ್ಟು ಹಿಡಿದು, ಎರಡು ಸಲ ಮುಂದಕ್ಕೆ ಬಾಗಿಯೂ ಏಳಲಾಗದೆ, "ಯಂಗೆ ಇದ್ರಿಂದ ಏಳಲೆ ಆಗ್ತಿಲ್ಲೆ ತಮಾ" ಎಂದಳು. ಆ ಸೀಟು ನೆಲದಿಂದ ಅಷ್ಟು ತಗ್ಗು.

ಇದನ್ನು ಮನೆಯಲ್ಲೇ ಅಳೆಯಬಹುದು. ಬೇರೆ ಬೇರೆ ಎತ್ತರದ ಕುರ್ಚಿ, ಮಣೆ, ಮಂಚದ ಅಂಚಿನ ಮೇಲೆ ಹಿರಿಯರನ್ನು ಕೂರಿಸಿ. ಕೈ ಊರದೆ ಯಾವುದರಿಂದ ಸಲೀಸಾಗಿ ಏಳುತ್ತಾರೋ ಅದರ ಎತ್ತರ ಬರೆದುಕೊಳ್ಳಿ. ಷೋರೂಮಿನಲ್ಲಿ ಗಾಡಿಯ ಪಕ್ಕ ನಿಂತು ನೆಲದಿಂದ ಸೀಟಿನ ಹೊರ ಅಂಚಿಗೆ ಟೇಪು ಹಿಡಿಯಿರಿ, ಮುಂದಿನ ಸೀಟಿಗೂ ಹಿಂದಿನ ಸೀಟಿಗೂ. ಮೆತ್ತೆ ಮೆದುವಾಗಿದ್ದರೆ ಕೂತಾಗ ಇನ್ನೂ ಕುಸಿಯುತ್ತದೆ, ಅದನ್ನೂ ಗಮನಿಸಿ. ವ್ಯಾಗನ್‌ಆರ್‌ನಂಥ ಎತ್ತರದ ಗಾಡಿಗಳನ್ನು ನಮ್ಮ ಕಡೆ ಇಷ್ಟು ಜನ ಇಟ್ಟುಕೊಳ್ಳಲು ಇದೂ ಒಂದು ಕಾರಣ. ಅದರಲ್ಲಿ ಇಳಿದು ಕೂರಬೇಕಾಗಿಲ್ಲ, ಪಕ್ಕಕ್ಕೆ ಸರಿದು ಕೂತರಾಯಿತು. ಪಂಚ್, ಎಕ್ಸ್‌ಟರ್ ಕೂಡ ಎತ್ತರವೇ. ಅತಿ ಎತ್ತರವೂ ಕಷ್ಟ ಎಂಬುದು ನೆನಪಿರಲಿ. ಸೀರೆ ಉಟ್ಟ ಗಿಡ್ಡನೆಯ ಅಜ್ಜಿಗೆ ಕಾಲೆತ್ತಿ ಹತ್ತುವುದು ಆಗಲಿಕ್ಕಿಲ್ಲ.

ಅಳತೆ ಸರಿಬಂದರೂ ಅವರನ್ನು ಕರೆದುಕೊಂಡು ಹೋಗಿಯೇ ಹೋಗಿ. ಮೂರು ಸಲ ಕೂತು ಏಳಲಿ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಕಾಲು ಒಳಗೆಳೆದುಕೊಳ್ಳುವಾಗ ಹೊಸ್ತಿಲಿಗೆ ತಾಗುತ್ತದೆಯೇ, ತಲೆ ಚೌಕಟ್ಟಿಗೆ ಬಡಿಯುತ್ತದೆಯೇ, ಹಿಡಿದುಕೊಳ್ಳಲು ಮೇಲೆ ಹಿಡಿಕೆ ಇದೆಯೇ. ಕೆಲವು ಕಡಿಮೆ ಬೆಲೆಯ ಮಾದರಿಗಳಲ್ಲಿ ಆ ಹಿಡಿಕೆಯೇ ಇರುವುದಿಲ್ಲ.

ಆಮೇಲೆ ಹಿಂದೆ ಮೂವರು ಕೂತುಕೊಳ್ಳಿ. ಭುಜ ತಾಗುತ್ತದೆ, ಅದು ಸಣ್ಣ ಕಾರಿನಲ್ಲಿ ಇದ್ದದ್ದೇ. ನಡುವೆ ಕೂತವರಿಗೂ ಭುಜದ ಮೇಲಿಂದ ಬರುವ ಬೆಲ್ಟು ಇದೆಯೇ, ತಲೆಗೆ ಆಸರೆ ಇದೆಯೇ ಎಂಬುದು ಮುಖ್ಯ. ಮಗು ಇರುವ ಮನೆಯಾದರೆ ಮಗುವಿನ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಯನ್ನು ಮೆತ್ತೆಯ ಸಂದಿಯಲ್ಲಿ ಕೈ ಹಾಕಿ ಮುಟ್ಟಿ ನೋಡಿ. ಘಟ್ಟದಲ್ಲಿ ವಾಂತಿ ಮಾಡುವವರು ಮನೆಯಲ್ಲಿದ್ದರೆ ಹಿಂದಿನ ಕಿಟಕಿಯ ಗಾತ್ರ ನೋಡಿ. ಈಗಿನ ಕೆಲವು ಗಾಡಿಗಳ ಹಿಂಭಾಗದ ಗಾಜು ಅಂದಕ್ಕಾಗಿ ಸಣ್ಣದಾಗಿದೆ, ಅದರೊಳಗೆ ಕೂತವರಿಗೆ ರಸ್ತೆಯೇ ಕಾಣುವುದಿಲ್ಲ. ರಸ್ತೆ ಕಾಣದಿದ್ದರೆ ತಲೆಸುತ್ತು ಬೇಗ ಬರುತ್ತದೆ.

ಡಿಕ್ಕಿ

ಲೀಟರ್ ಅಂಕಿ ಹೋಲಿಸಲು ಸರಿ. ವ್ಯಾಗನ್‌ಆರ್ 341, ಪಂಚ್ 366, ಎಕ್ಸ್‌ಟರ್ 391, ಟಿಯಾಗೋ 242. ಆದರೆ ಸಾಮಾನು ಲೀಟರಿನ ಆಕಾರದಲ್ಲಿ ಇರುವುದಿಲ್ಲವಲ್ಲ. ನಿಮ್ಮ ಮನೆಯ ದೊಡ್ಡ ಬ್ಯಾಗು, ಮಡಚಿದ ಒಂದು ಖಾಲಿ ಚೀಲ ಒಯ್ದು ಇಟ್ಟೇ ನೋಡಿ. ಡಿಕ್ಕಿಯ ಹೊಸ್ತಿಲು ಎಷ್ಟು ಎತ್ತರ ಎಂಬುದೂ ಬೇಕು; 50 ಕಿಲೋ ಅಕ್ಕಿ ಚೀಲವನ್ನು ಸೊಂಟದೆತ್ತರಕ್ಕೆ ಎತ್ತಿ, ಆಮೇಲೆ ಒಳಗಿನ ಗುಂಡಿಗೆ ಇಳಿಸುವುದು ಬೆನ್ನಿಗೆ ಶಿಕ್ಷೆ. ಹಿಂದಿನ ಸೀಟು ಎರಡು ಭಾಗವಾಗಿ ಮಡಚುವಂತಿದ್ದರೆ ಒಬ್ಬರನ್ನು ಕೂರಿಸಿಕೊಂಡೇ ಬಾಳೆಗೊನೆ ತರಬಹುದು. ಸಿಎನ್‌ಜಿ ಗಾಡಿಯಲ್ಲಿ ಸಿಲಿಂಡರ್ ಡಿಕ್ಕಿಯನ್ನು ಎಷ್ಟು ನುಂಗುತ್ತದೆ ಎಂದು ಬಾಗಿಲು ತೆಗೆಸಿ ನೋಡಿ. ನಿಮ್ಮ ದಿನದ ದಾರಿಯಲ್ಲಿ ಸಿಎನ್‌ಜಿ ಪಂಪು ಇಲ್ಲದಿದ್ದರೆ ಆ ಮಾತನ್ನು ಅಲ್ಲಿಗೇ ಬಿಡಿ.

ಘಟ್ಟದ ಪರೀಕ್ಷೆ

ಷೋರೂಮಿನವರಿಗೆ ಮೊದಲೇ ಹೇಳಿ: ನನಗೆ ಎರಡು ಗಂಟೆ ಗಾಡಿ ಬೇಕು, ಐದು ಜನ ಕೂರುತ್ತೇವೆ, ಘಟ್ಟಕ್ಕೆ ಒಯ್ಯುತ್ತೇವೆ, ಪೆಟ್ರೋಲ್ ನಾನೇ ಹಾಕಿಸುತ್ತೇನೆ. ಕೆಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಅದೇ ಮಾದರಿ, ಅದೇ ಎಂಜಿನ್ ಇರುವ ನೆಂಟರ ಗಾಡಿ ಕೇಳಿ. ಅದೂ ಇಲ್ಲದಿದ್ದರೆ ಅಂಥದೇ ಬಾಡಿಗೆ ಕಾರು ಮಾಡಿಕೊಂಡು ಕುಮಟಾಕ್ಕೆ ಹೋಗಿಬನ್ನಿ. ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್. ಒಂದು ದಿನದ ಬಾಡಿಗೆ ಹೋದೀತು, ಆದರೆ ಹತ್ತು ವರ್ಷ ಇಟ್ಟುಕೊಳ್ಳುವ ಗಾಡಿಯ ಗುಣ ಗೊತ್ತಾಗುತ್ತದೆ. ಚಾಲಕನ ಪಕ್ಕ ಕೂತು ಅವನು ಎಲ್ಲಿ ಗಿಯರ್ ಇಳಿಸುತ್ತಾನೆ ನೋಡುತ್ತಿರಿ.

ಏರು ಹತ್ತುವಾಗ ಎಸಿ ಹಾಕಿರಲಿ. ಎರಡನೇ ಗಿಯರಿನಲ್ಲಿ ಹತ್ತುತ್ತಾ ಹೋಗಿ, ತಿರುವಿನಲ್ಲಿ ನಿಧಾನ ಮಾಡಿ, ಮತ್ತೆ ಆಕ್ಸಿಲರೇಟರ್ ಒತ್ತಿ. ಗಾಡಿ ಕೂಡಲೇ ಎಳೆಯುತ್ತದೆಯೋ, ಉಸಿರುಗಟ್ಟಿದಂತೆ ನಡುಗಿ ಮೊದಲನೇ ಗಿಯರ್ ಕೇಳುತ್ತದೆಯೋ? ಇಲ್ಲಿ ಕೆಲಸಕ್ಕೆ ಬರುವ ಅಂಕಿ ಟಾರ್ಕ್, ಅಂದರೆ ಎಂಜಿನ್ನಿನ ಎಳೆಯುವ ಬಲ. ಜೊತೆಗೆ ಆ ಬಲ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ, ಅಂದರೆ ಎಷ್ಟು ಆರ್‌ಪಿಎಂಗೆ ಸಿಗುತ್ತದೆ ಎಂಬುದು. ವ್ಯಾಗನ್‌ಆರ್‌ನ ಒಂದು ಲೀಟರ್ ಎಂಜಿನ್ನಿಗೆ 89 ನ್ಯೂಟನ್ ಮೀಟರ್, 1.2 ಲೀಟರಿನದಕ್ಕೆ 113. ಟಿಯಾಗೋದ 1.2 ಲೀಟರಿಗೂ 113, ಆದರೆ ಆ ಗಾಡಿಯ ತೂಕ ಹೆಚ್ಚು. ಬಲವನ್ನು ತೂಕದ ಜೊತೆ ಇಟ್ಟೇ ನೋಡಬೇಕು. ಒಬ್ಬಿಬ್ಬರೇ ಓಡಾಡುವ ಮನೆಗೆ ಒಂದು ಲೀಟರ್ ಧಾರಾಳ. ಐದು ಜನ ಕೂತು ತಿಂಗಳಿಗೆರಡು ಸಲ ಘಟ್ಟ ಹತ್ತುವವರು 1.2ಕ್ಕೇ ಹೋಗಿ ಎಂದು ನಾನು ಹೇಳುತ್ತೇನೆ. ಹಣ ಸಾಲದಿದ್ದರೆ ಅಲಾಯ್ ವೀಲು, ದೊಡ್ಡ ಪರದೆ ಬಿಡಿ, ಎಂಜಿನ್ ಬಿಡಬೇಡಿ.

ಆಮೇಲೆ ನಿಂತು ಹೊರಡುವ ಪರೀಕ್ಷೆ. ರಸ್ತೆ ಅಗಲವಾಗಿ, ಹಿಂದೆ ಮುಂದೆ ದೂರದವರೆಗೆ ಕಾಣುವ, ಬೇರೆ ಗಾಡಿ ಇಲ್ಲದ ಏರಿನಲ್ಲಿ ಅಂಚಿಗೆ ನಿಲ್ಲಿಸಿ. ಎಲ್ಲರೂ ಒಳಗೇ ಇರಲಿ. ಹ್ಯಾಂಡ್‌ಬ್ರೇಕ್ ಎಳೆದು ಬ್ರೇಕಿನಿಂದ ಕಾಲು ತೆಗೆಯಿರಿ. ಗಾಡಿ ಅಲುಗದೆ ನಿಲ್ಲಬೇಕು. ಮೊದಲನೇ ಗಿಯರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಡುತ್ತಾ ಹೊರಡಿಸಿ. ಮನೆಯಲ್ಲಿ ಯಾರ್ಯಾರು ಓಡಿಸುತ್ತಾರೋ ಅವರೆಲ್ಲರೂ ಒಮ್ಮೊಮ್ಮೆ ಮಾಡಲಿ. ಬ್ರೇಕಿನಿಂದ ಕಾಲು ತೆಗೆದ ಮೇಲೂ ಒಂದೆರಡು ಸೆಕೆಂಡು ಗಾಡಿಯನ್ನು ಹಿಡಿದಿಡುವ ಹಿಲ್ ಹೋಲ್ಡ್ ಇದ್ದರೆ ಇದು ಬಹಳ ಹಗುರವಾಗುತ್ತದೆ. ತಾನಾಗಿ ಗಿಯರ್ ಬದಲಿಸುವ ಎಎಂಟಿ ಗಾಡಿಯಾದರಂತೂ ಅದು ಇರಲೇಬೇಕು. ಎಎಂಟಿಯಲ್ಲಿ ಕ್ಲಚ್ ತುಳಿಯುವ ಕೆಲಸವನ್ನು ಯಂತ್ರವೇ ಮಾಡುವುದರಿಂದ ಹಾಫ್ ಕ್ಲಚ್‌ನಲ್ಲಿ ಹಿಡಿದು ನಿಲ್ಲಿಸುವುದು ನಿಮ್ಮ ಕೈಲಿ ಇರುವುದಿಲ್ಲ. ಮಂಡಿನೋವಿನವರಿಗೆ, ಪೇಟೆಯೊಳಗೆ ಹೆಚ್ಚು ಓಡಿಸುವವರಿಗೆ ಎಎಂಟಿ ಒಳ್ಳೆಯದೇ. ತಿರುವಿನ ಮಧ್ಯೆ ತಾನಾಗಿ ಗಿಯರ್ ಏರಿಸಿ ಎಳೆತ ಕಳೆದುಕೊಳ್ಳುತ್ತದೆಯೇ ಎಂದು ನೋಡಿ, ಗಿಯರನ್ನು ಕೈಯಲ್ಲೇ ಹಾಕುವ ಸೌಲಭ್ಯವನ್ನು ಘಟ್ಟದಲ್ಲೇ ಬಳಸಿ ಅಭ್ಯಾಸ ಮಾಡಿ.

ಇಳಿಯುವುದು ಹತ್ತುವುದಕ್ಕಿಂತ ದೊಡ್ಡ ಪರೀಕ್ಷೆ. ಯಾವ ಗಿಯರಿನಲ್ಲಿ ಹತ್ತಿದಿರೋ ಅದರಲ್ಲೇ ಇಳಿಯಬೇಕು ಎಂದು ನಮ್ಮ ಹಳೇ ಲಾರಿ ಚಾಲಕರು ಹೇಳುವುದು ಕಾರಿಗೂ ಸಲ್ಲುತ್ತದೆ. ಎರಡನೇ ಗಿಯರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನೇ ಗಾಡಿಯನ್ನು ತಡೆಯಬೇಕು. ಬ್ರೇಕನ್ನು ತಿರುವಿಗೆ ಮೊದಲು ಗಟ್ಟಿಯಾಗಿ ಒಮ್ಮೆ ಒತ್ತಿ ಬಿಡುವುದು ಸಾಕಾಗಬೇಕು. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡಿಸ್ಕು ಕಾದು, ಪೆಡಲ್ ಒತ್ತಿದರೂ ಹಿಡಿತ ಸಿಗದಂತಾಗುತ್ತದೆ. ಘಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ಮುಂಗಾಲಿಯ ಹತ್ತಿರ ಮೂಗು ಒಡ್ಡಿ ನೋಡಿ, ಮುಟ್ಟಬೇಡಿ. ಸರಿಯಾಗಿ ಇಳಿದೂ ಸುಟ್ಟ ವಾಸನೆ ಜೋರಾಗಿ ಬಂದರೆ, ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತಿದ್ದರೆ ಆ ಗಾಡಿ ನಿಮ್ಮ ಭಾರಕ್ಕೆ ಸಾಲದು.

ಇಡೀ ಪ್ರಯಾಣದಲ್ಲಿ ಹಿಂದೆ ಕೂತವರ ಮುಖ ನೋಡುತ್ತಿರಿ. ಎತ್ತರದ ಗಾಡಿಗಳು ತಿರುವಿನಲ್ಲಿ ಹೆಚ್ಚು ವಾಲುತ್ತವೆ. ಆಯಿಗೆ ಏಳಲು ಸುಲಭವಾದ ಗಾಡಿಯೇ ಮಗಳಿಗೆ ವಾಂತಿ ತರಿಸಬಹುದು. ನಮ್ಮ ಮನೆಯಲ್ಲಿ ಹಾಗೇ ಆಯಿತು. ಆಯಿಯ ಮಂಡಿಗೆ ಮಣೆ ಹಾಕಿದೆವು. ಮಗಳನ್ನು ಹಿಂದಿನ ಸೀಟಿನ ನಡುವೆ, ಎದುರಿನ ರಸ್ತೆ ಕಾಣುವಂತೆ ಬೆಲ್ಟು ಹಾಕಿ ಕೂರಿಸುವುದು ರೂಢಿಯಾಯಿತು.

ಮಳೆ, ಮಂಜು, ರಾತ್ರಿ

ಸಾಧ್ಯವಾದರೆ ಮಳೆಯಲ್ಲೇ ಓಡಿಸಿ ನೋಡಿ, ಆಗದಿದ್ದರೆ ರಾತ್ರಿಯಾದರೂ ನೋಡಿ. ಜುಲೈನಲ್ಲಿ ಘಟ್ಟದ ನೆತ್ತಿಯಲ್ಲಿ ಮಂಜು ಕವಿದು, ಐದು ಜನರ ಉಸಿರಿಗೆ ಒಳಗಿನ ಗಾಜು ಬೆಳ್ಳಗಾಗುತ್ತದೆ. ಎಸಿಯನ್ನು ಗಾಜಿಗೆ ತಿರುಗಿಸಿದರೆ ಎಷ್ಟು ಹೊತ್ತಿನಲ್ಲಿ ತಿಳಿಯಾಗುತ್ತದೆ ಎಂದು ಎಣಿಸಿ. ಹಿಂದಿನ ಗಾಜಿಗೆ ವೈಪರ್ ಮತ್ತು ಮಂಜು ಕರಗಿಸುವ ಬಿಸಿತಂತಿ, ಎರಡೂ ಇರುವ ಮಾದರಿ ತಗೊಳ್ಳಿ. ನಮ್ಮ ಮಳೆಗೆ ಇವು ಐಷಾರಾಮವಲ್ಲ. ಹೆಡ್‌ಲೈಟ್ ಬೆಳಕು ದೂರಕ್ಕೆ ಹೋಗುವುದಷ್ಟೇ ಅಲ್ಲ, ಎಡ ಅಂಚಿನ ಚರಂಡಿಯನ್ನೂ ತೋರಿಸಬೇಕು.

ಟಯರು ಹೊಸದಿದ್ದಾಗ ಎಲ್ಲವೂ ಹಿಡಿಯುತ್ತವೆ. ಕಾನೂನಿನ ಪ್ರಕಾರ ಗೀರಿನ ಆಳ 1.6 ಮಿ.ಮೀ.ಗೆ ಇಳಿಯುವವರೆಗೂ ಓಡಿಸಬಹುದು. ನಮ್ಮ ಕಡೆ ಅಲ್ಲಿಯವರೆಗೆ ಕಾಯಬಾರದು, 3 ಮಿ.ಮೀ.ಗೆ ಬಂದಾಗಲೇ, ಮೇ ತಿಂಗಳೊಳಗೆ, ಬದಲಿಸಿ. ಆ ಅಳತೆಯ ಟಯರು ಶಿರಸಿ, ಕುಮಟಾ, ಕಾರವಾರದಲ್ಲಿ ಕೂಡಲೇ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಸ್ಟಾರು

ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ನಮ್ಮ ದೇಶದ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದಕ್ಕೂ ಮೊದಲಿನ ಗಾಡಿಗಳಿಗೆ ಗ್ಲೋಬಲ್ ಎನ್‌ಕ್ಯಾಪ್ ಫಲಿತಾಂಶ ಸಿಗುತ್ತದೆ. ದೊಡ್ಡವರ ರಕ್ಷಣೆಗೆ ಒಂದು, ಮಕ್ಕಳ ರಕ್ಷಣೆಗೆ ಒಂದು ಎಂದು ಎರಡು ಅಂಕಿ ಇರುತ್ತವೆ, ಎರಡನ್ನೂ ಓದಿ. 2021ರಲ್ಲಿ ಪಂಚ್‌ಗೆ ದೊಡ್ಡವರ ರಕ್ಷಣೆಯಲ್ಲಿ 5 ಸ್ಟಾರ್ ಬಂತು. 2020ರಲ್ಲಿ ಟಿಯಾಗೋಗೆ 4. 2023ರಲ್ಲಿ ಎರಡು ಏರ್‌ಬ್ಯಾಗಿನ ವ್ಯಾಗನ್‌ಆರ್‌ಗೆ 1. ಕೂರಲು, ಏಳಲು, ರಿಪೇರಿಗೆ ಅಷ್ಟು ಅನುಕೂಲದ ಗಾಡಿಯ ಅಂಕಿ ಅಷ್ಟು ಕಡಿಮೆ ಎಂಬುದು ನನಗೆ ಈಗಲೂ ನುಂಗಲಾರದ ತುತ್ತು. ಅದನ್ನು ಬಚ್ಚಿಟ್ಟು ಯಾರಿಗೂ ಸಲಹೆ ಕೊಟ್ಟಿಲ್ಲ. ಪರೀಕ್ಷೆ ಆದದ್ದು ಯಾವ ವರ್ಷದ, ಎಷ್ಟು ಏರ್‌ಬ್ಯಾಗಿನ ಮಾದರಿ ಎಂದು ನೋಡಿ, ನೀವು ತಗೊಳ್ಳುವುದೂ ಅದೇನಾ ಎಂದು ತಾಳೆ ಹಾಕಿ. ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಳ್ಳದಂತೆ ನೋಡುವ ಎಬಿಎಸ್ ಈಗ ಎಲ್ಲ ಹೊಸ ಕಾರಿಗೂ ಕಡ್ಡಾಯ. ಒದ್ದೆ ತಿರುವಿನಲ್ಲಿ ಗಾಡಿ ಜಾರಿದಾಗ ಸರಿದಾರಿಗೆ ಎಳೆಯುವ ಇಎಸ್‌ಪಿ ಇದೆಯೇ ಎಂದು ಕೇಳಿ. ಹೆದ್ದಾರಿ 66ರಲ್ಲಿ ದಿನಾ ವೇಗವಾಗಿ ಹೋಗುವ ಕರಾವಳಿಯವರು ಸ್ಟಾರಿಗೆ ಹೆಚ್ಚು ತೂಕ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಉಪ್ಪುಗಾಳಿ ಮತ್ತು ಇಲಿ

ಕಾರವಾರ, ಗೋಕರ್ಣ, ಹೊನ್ನಾವರದಲ್ಲಿ ಕಡಲಿಗೆ ಹತ್ತಿರದ ಮನೆಯವರ ಗಾಡಿಗೆ ತುಕ್ಕು ಕೆಳಗಿನಿಂದ ಬರುತ್ತದೆ. ಬಾಗಿಲಿನ ಕೆಳ ಅಂಚಿನ ಸಣ್ಣ ತೂತುಗಳು ಮಣ್ಣು ಕಟ್ಟಿದರೆ ಒಳಗೇ ನೀರು ನಿಂತು ಕೊರೆಯುತ್ತದೆ. ಕೊಳ್ಳುವಾಗ ಮೊಣಕಾಲೂರಿ ಗಾಡಿಯ ಅಡಿ ನೋಡಿ. ಬಣ್ಣ ಬಳಿಯದ ಬೋಲ್ಟು, ಕೊಂಡಿಗಳೆಷ್ಟಿವೆ, ಗಾಲಿಕಮಾನಿನೊಳಗೆ ಪ್ಲಾಸ್ಟಿಕ್ ಹೊದಿಕೆ ಇದೆಯೇ ಎಂದು ತಿಳಿಯುತ್ತದೆ. ತುಕ್ಕು ತಡೆಯುವ ಲೇಪನವನ್ನು ಗಾಡಿ ಹೊಸದಿರುವಾಗಲೇ, ಮಳೆಗಾಲದ ಮೊದಲು ಮಾಡಿಸಿ. ಮರಳಿನ ಮೇಲೆ ಓಡಿಸಿದ ದಿನವೇ ಸಿಹಿನೀರಿನಲ್ಲಿ ಅಡಿ ತೊಳೆಸಿ.

ಘಟ್ಟದ ಮೇಲೆ ಕಾಟ ಇಲಿಯದ್ದು. ಅಡಿಕೆ, ಭತ್ತ ಇಡುವ ಮನೆಯ ಪಕ್ಕ ಗಾಡಿ ನಿಂತರೆ ವೈರು ಕಡಿಯುವುದು ಖಂಡಿತ. ಬಾನೆಟ್ ತೆಗೆಸಿ ಕೆಳಗಿನಿಂದ ನೆಲ ಕಾಣುತ್ತದೆಯೇ ನೋಡಿ. ಎಂಜಿನ್ನಿನ ಕೆಳಗೆ ತಟ್ಟೆ ಮುಚ್ಚಿದ್ದರೆ ಕಲ್ಲಿನ ಏಟಿಗೂ ಆಗುತ್ತದೆ, ಇಲಿಯೂ ಸ್ವಲ್ಪ ಕಡಿಮೆ. ಮಳೆಗಾಲದಲ್ಲಿ ನಾಲ್ಕು ದಿನ ನಿಲ್ಲಿಸಿದರೆ ರಾತ್ರಿ ಬಾನೆಟ್ ಎತ್ತಿಡಿ, ಬೆಳಕು ಗಾಳಿ ಇದ್ದಲ್ಲಿ ಇಲಿ ಗೂಡು ಕಟ್ಟುವುದು ಕಡಿಮೆ.

ಸರ್ವಿಸ್, ಸ್ಟೆಪ್ನಿ

ಬಸ್‌ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಕಾರಿನವರ ಜೊತೆ ಅರ್ಧ ಗಂಟೆ ಮಾತಾಡಿ. ಯಾವ ಗಾಡಿಯ ಕ್ಲಚ್ ಪ್ಲೇಟು ಎಷ್ಟು ಕಿಲೋಮೀಟರಿಗೆ ಹೋಗುತ್ತದೆ, ಯಾವುದರ ಸಾಮಾನಿಗೆ ಹುಬ್ಬಳ್ಳಿಯಿಂದ ಮೂರು ದಿನ ಕಾಯಬೇಕು ಎಂದು ಅವರಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ. ನಿಮ್ಮ ಊರಿನ ಮೆಕ್ಯಾನಿಕ್ ಆ ಗಾಡಿಗೆ ಕೈ ಹಾಕುತ್ತಾನೆಯೇ, ಅದನ್ನೂ ಕೇಳಿ.

ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಇದೆಯೇ ನೋಡಿ. ಕೆಲವು ಮಾದರಿಗಳಲ್ಲಿ ಅದರ ಬದಲು ಪಂಕ್ಚರ್ ಕಿಟ್ ಮಾತ್ರ ಕೊಡುತ್ತಾರೆ. ನೆಟ್‌ವರ್ಕ್ ಸಿಗದ ಕಾಡಿನ ನಡುವೆ ಟಯರಿನ ಪಕ್ಕೆ ಹರಿದರೆ ಆ ಕಿಟ್‌ನಿಂದ ಏನೂ ಆಗದು. ನಾನಂತೂ ಸ್ಟೆಪ್ನಿ ಇಲ್ಲದ ಗಾಡಿ ತಗೊಳ್ಳುವುದಿಲ್ಲ.

ದುಡ್ಡಿನ ಲೆಕ್ಕ

ನಾಲ್ಕು ಮೀಟರಿನೊಳಗಿನ ಉದ್ದ, 1,200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇರುವ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18. ಬೋರ್ಡಿನ ಮೇಲಿನ ಬೆಲೆಯಲ್ಲಿ ಇದು ಸೇರಿರುತ್ತದೆ, ರಸ್ತೆ ತೆರಿಗೆ ಸೇರಿರುವುದಿಲ್ಲ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಶೇ. 14, ಅದರ ಮೇಲೆ ಸೆಸ್. 7 ಲಕ್ಷದ ಗಾಡಿಗೆ ಅದೇ ಒಂದು ಲಕ್ಷ ದಾಟುತ್ತದೆ. ವಿಮೆ, ಬಿಡಿ ಸಾಮಾನು, ಚಾಪೆ, ಹೊದಿಕೆ ಎಲ್ಲವನ್ನೂ ಬೇರೆಬೇರೆ ಬರೆಸಿಕೊಂಡು, ಬೇಡದ್ದನ್ನು ಹೊಡೆದುಹಾಕಿಸಿ. ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಮಾತ್ರ ಬಿಡಬೇಡಿ. ರಸ್ತೆಯ ನೀರು ಎಂಜಿನ್ ಒಳಗೆ ಹೋಗಿ ಕೆಟ್ಟರೆ ಮಾಮೂಲಿ ವಿಮೆಯಲ್ಲಿ ಸಾಮಾನ್ಯವಾಗಿ ಹಣ ಬರುವುದಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬಾರದು, ಇದನ್ನು ಮನೆಯ ಎಲ್ಲರಿಗೂ ಹೇಳಿಡಿ.

ಮೈಲೇಜಿನ ಬಗ್ಗೆ ಅತಿಯಾಗಿ ತಲೆಕೆಡಿಸಿಕೊಳ್ಳಬೇಡಿ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವವರಿಗೆ ಲೀಟರಿಗೆ 20 ಕೊಡುವ ಗಾಡಿಗೂ 16 ಕೊಡುವ ಗಾಡಿಗೂ ವ್ಯತ್ಯಾಸ 150 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೆ ವರ್ಷಕ್ಕೆ 15,000. ಒಳ್ಳೆಯ ಬ್ರೇಕು, ಸಾಕಷ್ಟು ಬಲದ ಎಂಜಿನ್ ಈ ಹಣಕ್ಕೆ ಸಿಗುವುದಾದರೆ ಕೊಡಿ. ಬ್ಯಾಟರಿ ಕಾರು ಘಟ್ಟ ಇಳಿಯುವಾಗ ಕರೆಂಟು ಮರಳಿ ತುಂಬಿಕೊಳ್ಳುತ್ತದೆ, ಪೇಟೆಯ ಓಡಾಟಕ್ಕೆ ಒಳ್ಳೆಯದು. ಜೂನ್‌ನಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಹಳ್ಳಿಯ ಮನೆಗೆ ಅದೊಂದೇ ಗಾಡಿ ಎಂದರೆ ನಾನು ಸದ್ಯಕ್ಕೆ ಹಿಂಜರಿಯುತ್ತೇನೆ.

ಹಳೇ ಗಾಡಿಯಾದರೆ

ಕೆಎ 30, 31, 47, ಇವು ಕಾರವಾರ, ಶಿರಸಿ, ಹೊನ್ನಾವರದ ನೋಂದಣಿ. ಕರಾವಳಿಯ ಗಾಡಿಯಾದರೆ ಅಡಿ, ಸ್ಟೆಪ್ನಿ ಗುಂಡಿ, ಬಾಗಿಲ ಕೆಳ ಅಂಚು ನೋಡದೆ ಮಾತಾಡಬೇಡಿ. ನೀರಿನಲ್ಲಿ ಮುಳುಗಿದ ಗಾಡಿ ಗುರುತಿಸಲು ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಒಂದು ಮೊಳದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗೆ ಬೆರಳು ಹಾಕಿ, ತುಕ್ಕು ಬೆರಳಿಗೆ ಹತ್ತಿದರೆ ಎದ್ದು ಬನ್ನಿ. ಸಾಲ ತೀರಿದ ಪತ್ರ ಕೈಗೆ ಬಾರದೆ ಹಣ ಕೊಡಬೇಡಿ.

ಗಾಡಿ ಕೈಗೆ ಬರುವ ದಿನ

ಹಗಲು ಹೊತ್ತಿನಲ್ಲೇ ಹೋಗಿ. ಹಾರ, ಪೂಜೆ, ಫೋಟೋಗೆ ಮೊದಲು ಅರ್ಧ ಗಂಟೆ ಕೇಳಿ ತಗೊಳ್ಳಿ. ಚಾಸಿ ಸಂಖ್ಯೆ ಕಾಗದಕ್ಕೆ ತಾಳೆಯಾಗಬೇಕು. ಐದೂ ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕೆ ಇರುತ್ತದೆ, 1225 ಎಂದಿದ್ದರೆ 2025ರ ಹನ್ನೆರಡನೇ ವಾರ ತಯಾರಾದದ್ದು ಎಂದರ್ಥ. ಒಂದು ಟಯರು ಮಾತ್ರ ತೀರ ಹಳೆಯದಿದ್ದರೆ ಕಾರಣ ಕೇಳಿ. ಎಲ್ಲ ಗಾಜು ಇಳಿಸಿ ಏರಿಸಿ, ಹಿಂದಿನ ವೈಪರ್ ಓಡಿಸಿ, ಜ್ಯಾಕು ಮತ್ತು ಪಾನಾ ಇದೆಯೇ ಎಂದು ಮುಟ್ಟಿ ನೋಡಿ.

ಮೊದಲ ಜೋರು ಮಳೆ ಬಿದ್ದ ಮಾರನೇ ದಿನ ಇನ್ನೊಂದು ಕೆಲಸ ಇದೆ. ನಾಲ್ಕೂ ಕಡೆ ಕಾಲಚಾಪೆ ಎತ್ತಿ ಅಂಗೈ ಒತ್ತಿ ನೋಡಿ, ಡಿಕ್ಕಿಯ ಸ್ಟೆಪ್ನಿ ಗುಂಡಿಯನ್ನೂ ನೋಡಿ. ಒದ್ದೆ ಕಂಡರೆ ಒರೆಸುವ ಮೊದಲು ಫೋಟೋ ತೆಗೆದು ಅದೇ ವಾರ ಸರ್ವಿಸ್‌ಗೆ ಒಯ್ಯಿರಿ. ಸೆಪ್ಟೆಂಬರ್‌ವರೆಗೆ ಬಿಟ್ಟರೆ ಚಾಪೆಯಡಿ ಬೂಸ್ಟು ಕಟ್ಟಿ, ನೀರು ಎಲ್ಲಿಂದ ಬಂತೆಂದು ಹುಡುಕುವುದೂ ಕಷ್ಟವಾಗುತ್ತದೆ.